ಮಗಳಿಗೊಂದು ಪತ್ರ: ಹದಿನೈದೂ ಕಂತು ನೋಡಿದೆ

ಪುಟ್ಟಿ,

ಊಟ ಆಯಿತಾ? ನೀನು ಪುಣೆ ತಲುಪಿ ಹನ್ನೆರಡು ದಿನ ಆಯಿತು. ಅಪ್ಪನ ಫೋನಿಗೆ ದಿನಾ ನಿನ್ನ ಮೆಸೇಜ್ ಬರುತ್ತದೆ, ನನಗೆ ಬರುತ್ತಿಲ್ಲ. ಹೊರಡುವ ಹಿಂದಿನ ರಾತ್ರಿಯ ಜಗಳವನ್ನು ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. "ಒಂದು ಸೀನ್ ನೋಡಿ ತೀರ್ಪು ಕೊಡಬೇಡ, ಪೂರ್ತಿ ನೋಡು" ಅಂದೆಯಲ್ಲ, ಆ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ನೋಡಿದೆ. ನಿನ್ನ ಆ ಜಪಾನಿ ಕಾರ್ಟೂನ್ ಸರಣಿ ಬಾಕೆಮೊನೊಗತಾರಿಯ 15 ಕಂತನ್ನೂ ನೋಡಿದೆ. ಬಸವನಹುಳುವಿನ ಮೂರು ಕಂತನ್ನು ಎರಡು ಸಲ ನೋಡಿದೆ.

ಮೊದಲ ದಿನ ಕಷ್ಟವಾಯಿತು. ಎಷ್ಟು ಮಾತಾಡುತ್ತಾರೆ ಅವರು! ಕೆಳಗಿನ ಇಂಗ್ಲಿಷ್ ಸಾಲು ಓದಿ ಮುಗಿಸುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ, ನಡುನಡುವೆ ಇಡೀ ಪರದೆ ತುಂಬ ಜಪಾನಿ ಅಕ್ಷರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತವೆ. ನಿಲ್ಲಿಸಿ ನಿಲ್ಲಿಸಿ ನೋಡಿದೆ. ದೆವ್ವದ ಕಥೆ ಅಂದಮೇಲೆ ಕಿರುಚಾಟ ಇರುತ್ತದೆ ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ಇಬ್ಬರು ಪಾರ್ಕಿನಲ್ಲಿ ಮಾತಾಡುತ್ತಲೇ ಇರುತ್ತಾರೆ, ಸುತ್ತ ಒಂದು ನರಪಿಳ್ಳೆಯೂ ಕಾಣುವುದಿಲ್ಲ. ನಿಸಿಯೊ ಇಸಿನ್ 2006ರಲ್ಲಿ ಬರೆದ ಕಾದಂಬರಿಯನ್ನು ಶಾಫ್ಟ್ ಸ್ಟುಡಿಯೊದವರು 2009ರಲ್ಲಿ ಆನಿಮೆ ಮಾಡಿದ್ದಂತೆ. ಪುಸ್ತಕದ ಮಾತನ್ನು ಅವರು ಬಹಳಷ್ಟು ಹಾಗೇ ಉಳಿಸಿಕೊಂಡಿದ್ದಾರೆ. ಮೂರನೇ ದಿನಕ್ಕೆ ನನಗೆ ಅರ್ಥವಾಯಿತು. ಅವರು ಹೇಳಬೇಕಾದ್ದನ್ನು ಹೇಳದೆ ಇರುವುದಕ್ಕೇ ಅಷ್ಟು ಮಾತಾಡುತ್ತಾರೆ ಅಲ್ವಾ? ತಮಾಷೆ, ಹೆಸರು ತಪ್ಪಾಗಿ ಕರೆಯುವುದು, ಶಬ್ದದ ಆಟ, ಎಲ್ಲ ಆದಮೇಲೆ ನಿಜವಾದ ಮಾತು ಒಂದೇ ಒಂದು ಸಾಲು ಬರುತ್ತದೆ. ನಮ್ಮ ಮನೆಯಲ್ಲೂ ಸಾರಿಗೆ ಉಪ್ಪು ಜಾಸ್ತಿ, ಹಾಲಿನವನು ಬರಲಿಲ್ಲ ಅಂತ ಗಂಟೆಗಟ್ಟಲೆ ಮಾತಾಡುತ್ತೇವೆ.

ಏಡಿಯ ಕಥೆ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸೆಂಜೊಗಹಾರ ಎಷ್ಟು ಒರಟು ಹುಡುಗಿ, ಕಥೆಯ ನಾಯಕ ಅರರಾಗಿಯ ಕೆನ್ನೆಗೆ ಸ್ಟೇಪ್ಲರ್ ಹೊಡೆದಳಲ್ಲ, ಆಗ ಬಂದ್ ಮಾಡಿಬಿಡೋಣ ಅನ್ನಿಸಿತ್ತು. ಆಮೇಲೆ ತಿಳಿಯಿತು, ಆ ಮಗುವಿನ ತೂಕ ಬರೀ 5 ಕಿಲೊ. ಮಗಳಿಗೆ ದೊಡ್ಡ ಕಾಯಿಲೆ ಬಂದಾಗ ತಾಯಿ ಒಂದು ಪಂಥದವರ ಮಾತು ನಂಬಿದಳು. ಆಮೇಲೆ ಮನೆ ಹೋಯಿತು, ಸಂಸಾರ ಒಡೆಯಿತು. ಆ ಪಂಥದ ದೊಡ್ಡ ಮನುಷ್ಯನೇ ಮಗಳ ಮೇಲೆ ಕೈಹಾಕಲು ಬಂದಾಗ ತಾಯಿ ತಡೆಯಲಿಲ್ಲ. ಆ ನೋವನ್ನು ಹೊತ್ತುಕೊಳ್ಳಲಾರದೆ ಹುಡುಗಿ ಅದನ್ನು ಏಡಿ ರೂಪದ ದೇವರಿಗೆ ಕೊಟ್ಟಳು, ತೂಕವೂ ಅದರ ಜೊತೆ ಹೋಯಿತು. ಜಪಾನಿಯಲ್ಲಿ 'ಒಮೊಯ್' ಅಂದರೆ ಭಾರ, ಮನಸ್ಸಿನಲ್ಲಿ ಇರುವುದಕ್ಕೂ ಅದೇ ಉಚ್ಚಾರ. ನಾವು ಮನಸ್ಸು ಭಾರ ಆಯಿತು ಅನ್ನುವುದಿಲ್ಲವಾ, ಅದೇ. ಕೊನೆಗೆ ಅವಳು ಏಡಿಯ ಮುಂದೆ ತಲೆಬಾಗಿ, ನನ್ನ ಭಾರ ನನಗೇ ಕೊಡು ಅಂತ ಕೇಳುತ್ತಾಳೆ. ತಾಯಿ ಮಾತ್ರ ವಾಪಸ್ ಬರುವುದಿಲ್ಲ. ನನಗೆ ಆ ತಾಯಿಯ ಮೇಲೆ ಸಿಟ್ಟು ಬಂತು. ಅವಳೂ ಮಗಳು ಉಳಿಯಲಿ ಅಂತಲೇ ಹೊರಟವಳು ಅನ್ನುವುದು ನೆನಪಾಗಿ ಸಿಟ್ಟು ಅರ್ಧಕ್ಕೇ ನಿಂತಿತು.

ಆದರೆ ನಾನು ಬರೆಯಲು ಕೂತಿದ್ದು ಬಸವನಹುಳುವಿನ ಬಗ್ಗೆ.

ತಾಯಂದಿರ ದಿನ. ಅರರಾಗಿ ತಂಗಿಯ ಜೊತೆ ಜಗಳ ಮಾಡಿಕೊಂಡು ಮನೆ ಬಿಟ್ಟು ಬಂದು ಪಾರ್ಕಿನಲ್ಲಿ ಕೂತಿದ್ದಾನೆ. ದೊಡ್ಡ ಬ್ಯಾಗ್ ಹಾಕಿಕೊಂಡ ಐದನೇ ಕ್ಲಾಸಿನ ಹುಡುಗಿ ಅಮ್ಮನ ಮನೆ ಹುಡುಕುತ್ತಿದ್ದಾಳೆ. ಹೆಸರು ಮಯೋಯ್. ದಾರಿ ತಪ್ಪುವುದು ಅಂದರೂ ಅದೇ ಉಚ್ಚಾರವಂತೆ. ಎಷ್ಟು ಸುತ್ತಿದರೂ ಆ ಮನೆ ಸಿಗುವುದಿಲ್ಲ, ಯಾಕೆಂದರೆ ಆ ಮಗು ಸತ್ತು ಹತ್ತು ವರ್ಷವಾಗಿದೆ. ಅಪ್ಪ ಅಮ್ಮ ಬೇರೆಯಾದ ಮೇಲೆ ತಾಯಂದಿರ ದಿನ ಅಮ್ಮನನ್ನು ನೋಡಲು ಒಬ್ಬಳೇ ಹೊರಟಿದ್ದಳು. ಹಸಿರು ದೀಪ ಇದ್ದಾಗಲೇ ರಸ್ತೆ ದಾಟಿದ್ದಳು. ಜಪಾನಿನವರು ಬಸವನಹುಳು ಅಂತ ಬರೆಯುವ ಅಕ್ಷರದಲ್ಲಿ ಹಸು ಇದೆಯಂತೆ, ಇಲ್ಲಿ ಇವಳನ್ನು ದಾರಿ ತಪ್ಪಿದ ಹಸು ಅಂತಲೇ ಕರೆಯುತ್ತಾರೆ. ನಾವೂ ಆ ಹುಳುವಿನಲ್ಲಿ ಬಸವನನ್ನೇ ಕಂಡೆವಲ್ಲ! ಮಳೆಗಾಲದಲ್ಲಿ ಹಿತ್ತಿಲ ಗೋಡೆ ಮೇಲೆ ನೀನು ಎಣಿಸುತ್ತಿದ್ದ ಅದೇ ಹುಳು.

ಆ ಹುಡುಗಿ ಎಲ್ಲರಿಗೂ ಕಾಣುವುದಿಲ್ಲ. ಮನೆಗೆ ಹೋಗಲು ಮನಸ್ಸಿಲ್ಲದವರಿಗೆ ಮಾತ್ರ ಕಾಣುತ್ತಾಳೆ.

ಅಲ್ಲಿ ನಾನು ಲ್ಯಾಪ್‌ಟಾಪ್ ಮುಚ್ಚಿದೆ. ನೀನೂ ಆಗ ಐದನೇ ಕ್ಲಾಸು. ಸಾಗರದಲ್ಲಿ ಸ್ಕೂಲಿನಿಂದ ಮನೆಗೆ ಇದ್ದದ್ದು ಮೂರೇ ತಿರುವು. ನಾಲ್ಕೂವರೆಗೆ ಬರಬೇಕಾದವಳು ಆರೂವರೆಯಾದರೂ ಬರಲಿಲ್ಲ. ಗಣಪತಿ ಕೆರೆ ಏರಿ ಮೇಲೆ ಯೂನಿಫಾರ್ಮಿನ ಹುಡುಗಿಯೊಬ್ಬಳು ಕೂತಿದ್ದಾಳೆ ಅಂತ ಹೂವಿನವಳು ಹೇಳಿದಾಗ ನಾನು ಚಪ್ಪಲಿ ಹಾಕಿಕೊಳ್ಳದೆ ಓಡಿದ್ದೆ. ಕೆರೆ ಅನ್ನುವ ಶಬ್ದ ಕೇಳಿದ ಮೇಲೆ ನನ್ನ ಕಾಲು ನನ್ನದಾಗಿರಲಿಲ್ಲ. ನೀನು ಬ್ಯಾಗ್ ತೊಡೆಯ ಮೇಲೆ ಇಟ್ಟುಕೊಂಡು ಸುಮ್ನೆ ನೀರು ನೋಡುತ್ತಿದ್ದೆ. "ದಾರಿ ತಪ್ಪಿತು ಅಮ್ಮಾ" ಅಂದೆ. ನಾನು ಹೊಡೆದೆ.

ಮೂರು ತಿರುವು, ಪುಟ್ಟಿ. ಆರು ವರ್ಷ ಓಡಾಡಿದ ದಾರಿ. ನನಗೆ ಅವತ್ತೇ ಗೊತ್ತಾಗಬೇಕಿತ್ತು. ನಾನೂ ಅಪ್ಪನೂ ಆ ಎರಡು ತಿಂಗಳು ಮಾತು ಬಿಟ್ಟಿದ್ದೆವು, ಎಲ್ಲ ಮಾತೂ ನಿನ್ನ ಬಾಯಲ್ಲೇ ಹೋಗಿ ಬರುತ್ತಿತ್ತು. ಅಪ್ಪನಿಗೆ ಊಟಕ್ಕೆ ಕರಿ. ಅಮ್ಮನನ್ನು ಕೀಲಿ ಎಲ್ಲಿ ಅಂತ ಕೇಳು. ದೊಡ್ಡವರ ಭಾರವನ್ನು ಮಗುವಿನ ಬ್ಯಾಗಿಗೆ ಹಾಕಿ ಕಳಿಸಿದ್ದೆವು. ಮಯೋಯ್‌ಳ ಆ ದೊಡ್ಡ ಬ್ಯಾಗ್ ನೋಡಿದಾಗೆಲ್ಲ ನನಗೆ ನಿನ್ನ ನೀಲಿ ಬ್ಯಾಗೇ ಕಾಣುತ್ತದೆ. ಹದಿನಾಲ್ಕು ವರ್ಷ "ಇವಳಿಗೆ ದಾರಿ ನೆನಪಿರುವುದಿಲ್ಲ" ಅಂತ ನೆಂಟರ ಮುಂದೆಲ್ಲ ಹೇಳಿಕೊಂಡು ಬಂದೆ. ನೀನು ಒಂದು ಸಲವೂ ಇಲ್ಲ ಅನ್ನಲಿಲ್ಲ. ಹೊಡೆದದ್ದಕ್ಕೆ ತಪ್ಪಾಯಿತು ಅನ್ನುತ್ತೇನೆ, ಆದರೆ ಹಾಗೆ ಹೇಳಿಕೊಂಡು ಬಂದದ್ದು ಅದಕ್ಕಿಂತ ದೊಡ್ಡ ತಪ್ಪು.

ಇನ್ನೊಂದು. ಅರರಾಗಿಯ ಪಕ್ಕದಲ್ಲೇ ಇದ್ದ ಸೆಂಜೊಗಹಾರಳಿಗೆ ಆ ಮಗು ಕಾಣುತ್ತಲೇ ಇರಲಿಲ್ಲ. ತನ್ನಲ್ಲೇ ಏನೋ ಕೆಟ್ಟಿದೆ ಅಂದುಕೊಂಡು ಕಾಣುವವಳ ಹಾಗೆ ಇದ್ದುಬಿಟ್ಟಳು. ಈ ಒಂದು ಜಾಗಕ್ಕೇ ಈ ಸರಣಿಗೆ ಪೂರ್ತಿ ಅಂಕ ಕೊಡಬಹುದು. ಕಷ್ಟ ಪಟ್ಟ ಮಕ್ಕಳು ಹಾಗೇ ಇರುತ್ತಾರೆ, ಮೊದಲು ತಮ್ಮನ್ನೇ ಅನುಮಾನಿಸುತ್ತಾರೆ. ಹನೆಕಾವಾ ಕೂಡ. ಎಲ್ಲರೂ ಹೊಗಳುವ ಒಳ್ಳೆ ಹುಡುಗಿ, ಮನೆಯಲ್ಲಿ ಅಪ್ಪ ಅಮ್ಮ ಇದ್ದೂ ಇಲ್ಲದ ಹಾಗೆ. ಒಳಗೆ ಅದುಮಿಟ್ಟದ್ದೆಲ್ಲ ಬೆಕ್ಕಾಗಿ ಹೊರಗೆ ಬಂತು. ನೀನು ಏನೂ ಕೇಳದ ಮಗು, ಹಠ ಮಾಡದ ಮಗು ಅಂತ ನಾನು ಹೆಮ್ಮೆ ಪಟ್ಟಿದ್ದೆ. ಈಗ ಭಯವಾಗುತ್ತಿದೆ. ನೋಡು, ಆಫೀಸಿನಲ್ಲಿ ಎಲ್ಲರ ಕೆಲಸವನ್ನೂ ನೀನೇ ಹೊತ್ತುಕೊಳ್ಳಬೇಡ. ಆಗಲ್ಲ ಅನ್ನುವುದನ್ನು ಕಲಿ. ರೂಮಿನವರು ಬಾಡಿಗೆ ಕೊಡದಿದ್ದರೆ ನೀನು ಕಟ್ಟಿ ಸುಮ್ಮನಾಗಬೇಡ. ಆ ಅರರಾಗಿ ಎಲ್ಲರನ್ನೂ ಕಾಪಾಡಲು ಹೋಗಿ ದಿನಾ ರಕ್ತ ಸುರಿಸುತ್ತಾನೆ, ಅವನಿಗೆ ರಕ್ತಪಿಶಾಚಿಯ ಮೈ ಇದೆ, ಗಾಯ ಮಾಯುತ್ತದೆ. ನಿನಗೆ ಜ್ವರ ಬಂದರೆ ವಾರ ಹಿಡಿಯುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ರಾತ್ರಿ ಎರಡರವರೆಗೆ ಎಚ್ಚರ ಇರಬೇಡ. ಬುದ್ಧಿ ಹೇಳುವುದಿಲ್ಲ ಅಂತಲೇ ಬರೆಯಲು ಕೂತೆ, ಆದರೂ ಇದನ್ನು ಹೊಡೆದು ಹಾಕುವುದಿಲ್ಲ.

ನಾನು ಒಪ್ಪದಿರುವುದನ್ನೂ ಹೇಳಬೇಕು, ಪೂರ್ತಿ ನೋಡಿಯೇ ಹೇಳುತ್ತಿದ್ದೇನೆ. ಅವತ್ತು ನಾನು ನೋಡಿದ ಸೀನ್ ನನಗೆ ಈಗಲೂ ಕೆಟ್ಟದೇ. ಸಣ್ಣ ಹುಡುಗಿಯನ್ನು ಮುಟ್ಟಿ ಹಿಡಿಯುವುದನ್ನು ತಮಾಷೆ ಮಾಡುತ್ತಾರೆ, ಹಾವಿನ ಕಥೆಯ ಹುಡುಗಿ ನದೆಕೊಳನ್ನು ಕ್ಯಾಮೆರಾ ನೋಡುವ ರೀತಿ ಸರಿಯಿಲ್ಲ. ದೊಡ್ಡವನೊಬ್ಬ ಮೈಮೇಲೆ ಬಂದದ್ದಕ್ಕೆ ಒಂದು ಹುಡುಗಿಯ ಬದುಕು ಹೇಗೆ ಹಗುರವಾಗಿ ಹಾರಿಹೋಯಿತು ಅಂತ ಅಷ್ಟು ನಿಜವಾಗಿ ಬರೆದವರು ಇದನ್ನು ಹೇಗೆ ಒಳಗೆ ಬಿಟ್ಟುಕೊಂಡರು? ನೀನು ಅದೆಲ್ಲ ಆ ಹುಡುಗನ ಕಣ್ಣಿನಲ್ಲಿ ಕಾಣುವುದು ಅನ್ನುತ್ತೀಯ. ಇರಬಹುದು, ಆದರೂ ಚಿತ್ರ ಬಿಡಿಸಿದ್ದು ದೊಡ್ಡವರು. ಇದರಲ್ಲಿ ನಾನು ಬದಲಾಗುವುದಿಲ್ಲ. ಆದರೆ ಇಷ್ಟಕ್ಕೇ "ಹೊಲಸು ಕಾರ್ಟೂನ್" ಅಂತ ಇಡೀ ಕಥೆಯನ್ನು ತಳ್ಳಿಬಿಟ್ಟದ್ದು, ಅದನ್ನು ನೋಡುವ ನಿನ್ನನ್ನೂ ಸೇರಿಸಿ ಬೈದದ್ದು ತಪ್ಪು. ಅದಕ್ಕೆ ಕ್ಷಮಿಸು.

ನೀನು ಇದನ್ನು ಪಿಯುಸಿಯಲ್ಲೇ ನೋಡಿದ್ದೆಯಂತೆ, ಅಪ್ಪ ಹೇಳಿದರು. ಹದಿನೇಳಕ್ಕೇ ನಿನಗೆ ಅರ್ಥವಾಗಿದ್ದು ನನಗೆ ಐವತ್ತೊಂದಕ್ಕೆ ಆಯಿತು. ಪಕ್ಕದ ಮನೆಯವರಿಗೆಲ್ಲ ಹೇಳಿದೆ, ನನ್ನ ಮಗಳು ಎಂಥ ಕಥೆ ಆರಿಸಿ ನೋಡುತ್ತಾಳೆ ನೋಡಿ ಅಂತ.

ದೆವ್ವದ ಕಾಟಕ್ಕೆ ಪರಿಹಾರ ಹೇಳುವ ಆ ಒಶಿನೊ ಹೇಳುತ್ತಾನಲ್ಲ, ಯಾರೂ ಯಾರನ್ನೂ ಕಾಪಾಡುವುದಿಲ್ಲ, ಅವರವರೇ ಪಾರಾಗುತ್ತಾರೆ ಅಂತ. ಅರ್ಧ ಒಪ್ಪುತ್ತೇನೆ. ದಾರಿ ಕೇಳಿಕೊಂಡು ಬರಲು ಸೆಂಜೊಗಹಾರ ಅವನ ಹತ್ತಿರ ಸೈಕಲ್ ತುಳಿಯದಿದ್ದರೆ ಮಯೋಯ್ ಇನ್ನೂ ಸುತ್ತುತ್ತಲೇ ಇರುತ್ತಿದ್ದಳು. ಹಳೇ ರಸ್ತೆ ಬಿಟ್ಟು ಹೊಸದಾಗಿ ಆದ ರಸ್ತೆಗಳಲ್ಲೇ ಹೋಗಬೇಕಿತ್ತು, ಅಷ್ಟೇ. ಹೋಗಿ ನೋಡಿದರೆ ಅಲ್ಲಿ ಮನೆಯೇ ಇಲ್ಲ, ಖಾಲಿ ಸೈಟು. ಮಗು ಅಳುತ್ತಾ ಆ ಖಾಲಿ ಜಾಗಕ್ಕೆ "ಬಂದೆ" ಅಂತ ಹೇಳುತ್ತದೆ. ಎರಡನೇ ಸಲ ನೋಡುವಾಗ ಅಪ್ಪನೂ ಪಕ್ಕದಲ್ಲಿ ಇದ್ದರು. ಏನೂ ಮಾತಾಡಲಿಲ್ಲ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ಅವತ್ತು ಕೆರೆ ಏರಿ ಮೇಲೆ ನಿನಗೆ ನಿಜವಾಗಿ ದಾರಿ ತಪ್ಪಿತ್ತಾ? ನಿನಗೆ ಹೇಳಬೇಕು ಅನ್ನಿಸಿದಾಗ ಹೇಳು. ಫೋನಿನಲ್ಲಾದರೂ ಸರಿ, ದೀಪಾವಳಿಗೆ ಬಂದಾಗಲಾದರೂ ಸರಿ.

ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ ಸೋಮವಾರ ಕೊರಿಯರ್ ಮಾಡುತ್ತೇನೆ. ಮುಂದಿನದು ನಿಸೆಮೊನೊಗತಾರಿ ಅಂತ ತೋರಿಸುತ್ತಿದೆ. ಅದನ್ನೇ ನೋಡಲಾ, ಹನೆಕಾವಾಳ ಕಥೆ ಮೊದಲು ನೋಡಲಾ? ನೀನು ಹೇಳುವವರೆಗೆ ಮುಟ್ಟುವುದಿಲ್ಲ.

ಅಮ್ಮ