ವೆಂಟಿಲೇಟರ್‌ನಲ್ಲಿರುವ ಅಮ್ಮನ ಮಾತು ಕೇಳದೆ ಮತ್ತಿನ ಇಂಜೆಕ್ಷನ್ ಕೊಟ್ಟಿರುವ ಬಗ್ಗೆ ದೂರು

ಐಸಿಯು ಮುಖ್ಯ ವೈದ್ಯರಿಗೆ ಮತ್ತು ಆಸ್ಪತ್ರೆಯ ಆಡಳಿತಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಅಮ್ಮ ನಿಮ್ಮ ಐಸಿಯುನಲ್ಲಿ ವೆಂಟಿಲೇಟರ್ ಮೇಲೆ ಇದ್ದು ಇವತ್ತಿಗೆ 26 ದಿನ. ನ್ಯುಮೋನಿಯಾ ಕೈಮೀರಿದಾಗ ಜೀವ ಉಳಿಸಿದ್ದು ನೀವೇ. ಅದನ್ನು ಮರೆತು ಬರೆಯುತ್ತಿಲ್ಲ. 12ನೇ ದಿನ ಟ್ರಾಕಿಯಾಸ್ಟಮಿ (ಕುತ್ತಿಗೆಯಲ್ಲಿ ರಂಧ್ರ ಮಾಡಿ ಉಸಿರಾಟದ ಟ್ಯೂಬ್ ಹಾಕುವುದು) ಮಾಡುವ ಮುಂಚೆ ವೈದ್ಯರು ನನ್ನನ್ನು ಕೂರಿಸಿಕೊಂಡು ಹೇಳಿದ್ದರು: ಬಾಯಲ್ಲಿರುವ ಟ್ಯೂಬ್ ತೆಗೆದರೆ ಅವರಿಗೆ ಸ್ವಲ್ಪ ಹಾಯೆನಿಸುತ್ತದೆ, ಮತ್ತಿನ ಔಷಧಿ ಕಡಿಮೆ ಮಾಡಬಹುದು ಅಂತ. ಹಾಗೇ ಆಯಿತು. ಅಮ್ಮ ಕಣ್ಣು ಬಿಟ್ಟರು, ನನ್ನ ಗುರುತು ಹಿಡಿದರು.

ಆದರೆ ಮಾತಿಲ್ಲ. ಉಸಿರು ಕುತ್ತಿಗೆಯ ಟ್ಯೂಬಿನಿಂದಲೇ ಬಂದು ಹೋಗುತ್ತದೆ, ಧ್ವನಿಪೆಟ್ಟಿಗೆ ತನಕ ಹೋಗುವುದೇ ಇಲ್ಲ. ಎಲ್ಲ ಗೊತ್ತಾಗುತ್ತಿರುವ ಮನುಷ್ಯನಿಗೆ ಒಂದು ಸದ್ದೂ ಮಾಡಲಾಗದಿದ್ದರೆ ಹೇಗಿರುತ್ತದೆ, ಯೋಚನೆ ಮಾಡಿ.

19ನೇ ದಿನ ಸಂಜೆ ನಾನು ಒಳಗೆ ಬಂದಾಗ ಅಮ್ಮನ ಎರಡೂ ಕೈಗಳನ್ನು ಮಂಚದ ಕಂಬಿಗೆ ಕಟ್ಟಿದ್ದರು. "ಬೆಳಗ್ಗೆಯಿಂದ ಒಂದೇ ಸಮ ಒದ್ದಾಟ, ಟ್ಯೂಬ್ ಹತ್ರ ಕೈ ತರ್ತಾರೆ, ಅದಕ್ಕೆ ಇಂಜೆಕ್ಷನ್ ಕೊಡಬೇಕು" ಅಂದರು ನರ್ಸ್. ಅವರನ್ನು ಕೇಳಿಯೇ ಒಂದು ಕೈ ಬಿಚ್ಚಿ, ನನ್ನ ಅಂಗೈ ಒಡ್ಡಿದೆ. ಅಮ್ಮ ಬೆರಳಲ್ಲಿ ನಿಧಾನವಾಗಿ ಎರಡು ಅಕ್ಷರ ಬರೆದರು. 'ಕಿವಿ'. ತಲೆ ಎತ್ತಿ ನೋಡಿದರೆ ವೆಂಟಿಲೇಟರ್ ಪೈಪಿನ ಗಟ್ಟಿ ಜಾಯಿಂಟ್ ಎಡಗಿವಿಯ ಕೆಳಗೆ ಸಿಕ್ಕಿಕೊಂಡಿತ್ತು. ಕಿವಿ ಮಡಚಿ ಕೆಂಪಾಗಿ, ಅಂಚಿನಲ್ಲಿ ಚರ್ಮ ಸುಲಿದಿತ್ತು. ಪೈಪ್ ಸರಿಸೋಕೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಒದ್ದಾಟ ಅಲ್ಲಿಗೆ ನಿಂತಿತು.

ಆದರೂ ರಾತ್ರಿ ಇಂಜೆಕ್ಷನ್ ಕೊಟ್ಟಿದ್ದಾರೆ. ಮಾರನೇ ದಿನ ವೆಂಟಿಲೇಟರ್ ಬಿಡಿಸಿ ನೋಡುವ ಟ್ರಯಲ್ ಇತ್ತು. "ತುಂಬಾ ಮಂಪರಲ್ಲಿದ್ದಾರೆ" ಅಂತ ಅದು ಆಗಲಿಲ್ಲ. 21ನೇ ದಿನವೂ ಇಲ್ಲ. ಇದು ಬರೀ ಎರಡು ದಿನದ ಲೆಕ್ಕ ಅಲ್ಲ, ಅಲ್ವಾ? ಮಷಿನ್ನೇ ಉಸಿರಾಡುತ್ತಾ ಹೋದಷ್ಟೂ ಎದೆಯ ಕೆಳಗಿನ ಉಸಿರಾಟದ ಸ್ನಾಯು ಸೊರಗುತ್ತದೆ, ಸೋಂಕಿನ ಭಯ ಜಾಸ್ತಿಯಾಗುತ್ತದೆ ಅಂತ ನಿಮ್ಮ ವೈದ್ಯರೇ ನನಗೆ ಹೇಳಿದ್ದು.

ಟ್ಯೂಬ್ ಕಿತ್ತುಬಂದರೆ ಜೀವಕ್ಕೇ ಅಪಾಯ ಅನ್ನುವುದು ನನಗೂ ಗೊತ್ತು. ನರ್ಸ್‌ಗಳ ಮೇಲೆ ಎಷ್ಟು ಕೆಲಸ ಇದೆ ಅಂತ ದಿನಾ ನೋಡುತ್ತಿದ್ದೇನೆ. ನಾನು ಕೇಳುತ್ತಿರುವುದು ಇಷ್ಟೇ: ಕೈ ಕಟ್ಟುವ ಮುಂಚೆ, ಇಂಜೆಕ್ಷನ್ ಕೊಡುವ ಮುಂಚೆ, ಏನಾಗ್ತಿದೆ ಅಂತ ಅಮ್ಮನನ್ನೇ ಕೇಳಿ. ನೋವಾ, ಕಫ ಕಟ್ಟಿದೆಯಾ, ಉಸಿರು ಸಾಲುತ್ತಿಲ್ಲವಾ? ಹೌದಾದರೆ ಕಣ್ಣು ಮಿಟುಕಿಸುತ್ತಾರೆ. ಆ ರಾತ್ರಿ ಯಾವ ಔಷಧಿ, ಎಷ್ಟು, ಯಾರ ಆದೇಶದ ಮೇಲೆ ಕೊಟ್ಟರು ಅನ್ನುವುದಕ್ಕೆ ಲಿಖಿತ ಉತ್ತರ ಬೇಕು. ಮಾತಾಡಲು ಟ್ಯೂಬಿಗೆ ಹಾಕುವ ವಾಲ್ವ್ ಅಮ್ಮನಿಗೆ ಆಗುತ್ತದಾ ಅಂತಲೂ ಪರೀಕ್ಷೆ ಮಾಡಿಸಿ.

ರಟ್ಟಿನ ಮೇಲೆ ಅಕ್ಷರ ಬರೆದು ನಾನೇ ಒಂದು ಬೋರ್ಡ್ ಮಾಡಿ ತಂದಿದ್ದೆ. ಮರುದಿನ ಬಂದರೆ ಅದು ಬೀರುವಿನೊಳಗೆ ಇತ್ತು. ಈಗ ಮತ್ತೆ ಮಂಚಕ್ಕೆ ತೂಗುಹಾಕಿದ್ದೇನೆ. ನಾಳೆ ಬೆಳಗ್ಗೆ ಟ್ರಯಲ್ ಇದೆ. ಇವತ್ತು ರಾತ್ರಿ ಡ್ಯೂಟಿಗೆ ಬರುವವರಿಗೆ ದಯವಿಟ್ಟು ಹೇಳಿ, ಅಮ್ಮನ ಕನ್ನಡಕ ಪಕ್ಕದ ಡ್ರಾಯರ್‌ನಲ್ಲಿದೆ. ಅದು ಹಾಕದಿದ್ದರೆ ಅವರಿಗೆ ಅಕ್ಷರ ಕಾಣಿಸುವುದಿಲ್ಲ.

ಇತಿ,
ಬೆಡ್ 7ರ ರೋಗಿಯ ಮಗಳು