ಗೊಣ್ಣಿಹುಳದ ಪುಡಿ ಒಗೀಬ್ಯಾಡ್ರಿ

ತೀರ್ಥರೂಪ ಅಪ್ಪಾಜಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾ ಇಲ್ಲಿ ಆರಾಮ ಅದೀನಿ. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ ಮುಗೀತು. ಖಡಕ್ ರೊಟ್ಟಿ ನಾಕ ಉಳದಾವ, ಈ ಮಳ್ಯಾಗ ಅವೂ ಮೆತ್ತಗಾಗ್ಯಾವ.

ಮೊನ್ನಿ ಫೋನಿನ್ಯಾಗ, "ಕಬ್ಬಿಗೆ ಗೊಣ್ಣಿಹುಳ ಬಿದ್ದೈತಿ, ಬೂಷ್ಟಿನ ಪುಡಿ ಕೊಟ್ಟಾರ. ಬೂಷ್ಟು ಎಲ್ಲ್ಯಾರ ಹುಳಾ ಕೊಲ್ಲತೈತೇನು?" ಅಂತ ನಕ್ಕಿದ್ರಿ. ಅಷ್ಟರಾಗ ಲೈನ್ ಕಟ್ಟಾತು. ಅದಕ್ಕ ಬರಿಯಾಕತ್ತೀನಿ: ಹೌದು, ಕೊಲ್ಲತೈತ್ರಿ.

ಇಲ್ಲಿ ಥೈಲ್ಯಾಂಡಿನ ತ್ರಾಂಗ್ ಕಡೆ ಕಾಡಿನ್ಯಾಗ ಮಣಕಾಲಿಗಿಂತ ಕೆಳಗಿನ ಒಂದು ಎಲಿ ಹೊಳ್ಳಿಸಿ ನೋಡಿದೆ. ನಮ್ಮ ಗೊದ್ದದಂಥ ಇರುವಿ, ಎಲಿ ನರಾ ಕಚ್ಚಿಕೊಂಡ ಸತ್ತಿತ್ತು. ಕುತ್ತಿಗಿ ಹಿಂದಿಂದ ಕರೀ ದಾರದಂಥ ಕಡ್ಡಿ ಎದ್ದು, ಬಾಜೂಕ ಒಂದು ಗಂಟು. ಮೆಲ್ಲಕ ಜಗ್ಗಿದೆ, ದವಡಿ ಬಿಡಲೇ ಇಲ್ಲ.

ಈ ಇರುವಿ ಮರದ ತುದಿಗೆ ಇರೂವು. ನೆಲಕ್ಕ ಇಳದಾಗ ಒಂದು ಬೂಷ್ಟಿನ (ಶಿಲೀಂಧ್ರದ) ಬೀಜ ಮೈಗೆ ಹತ್ತಿ, ತೊಗಲು ಕೊರದು ಒಳಗ ಹೋಗತೈತಿ. ಆಮ್ಯಾಲ ಇರುವಿ ಕುಡದಾಂವನಂಗ ಜೋಲಿ ಹೊಡಕೋತ ಅಡ್ಡಾಡಿ, ನೆಲದಿಂದ ಸುಮಾರು 25 ಸೆಂಟಿಮೀಟರ್ ಎತ್ತರದ ಎಲಿ ಹಿಡಿತೈತಿ, ಅದೂ ಹೆಚ್ಚಾಗಿ ನಡುಮಧ್ಯಾಹ್ನಕ್ಕ. ಸಂಜಿಗೆ ಜೀವ ಹೋಗಿರತೈತಿ. ಅಲ್ಲಿಯ ಹಸಿ, ತಂಪು ಬೂಷ್ಟಿಗೆ ಬೇಕು, ಇರುವಿಗಲ್ಲ. ತಲಿ ಕೆಡಸತೈತಿ ಅಂತ ನಾನೂ ತಿಳದಿದ್ದೆ. ಆದ್ರ 2017ರಾಗ ಸೀಳಿ ನೋಡಿದ ವಿಜ್ಞಾನಿಗಳಿಗೆ ಮೈಯಾಗಿನ ಸ್ನಾಯುದ ತುಂಬ ಬೂಷ್ಟು ಸಿಕ್ತು, ಮೆದುಳಿನ ಒಳಗ ಇರಲಿಲ್ಲ. ಜರ್ಮನಿಯ ಮೆಸ್ಸೆಲ್‌ನಾಗ ಸಿಕ್ಕ 4 ಕೋಟಿ 80 ಲಕ್ಷ ವರ್ಷದ ಕಲ್ಲಾದ ಎಲಿ ಮ್ಯಾಲೂ ಇಂಥಾ ಕಚ್ಚಿದ ಗುರುತು ಅದಾವ!

ನಿಮ್ಮ ಪುಡಿ ಮೆಟಾರೈಜಿಯಮ್ ಅನ್ನೂ ಬ್ಯಾರೆ ಬೂಷ್ಟಿಂದು ಇರಬೇಕು, ಚೀಲದ ಮ್ಯಾಲ ಓದ್ರಿ. ಅದು ಗೊಣ್ಣಿಯನ್ನ ಎಲ್ಲಿಗೂ ಹತ್ತಸಂಗಿಲ್ಲ, ಆದ್ರ ಒಳಗ ಹೋಗೋ ದಾರಿ ಇರುವಿ ಬೂಷ್ಟಿನಂಗ. ಹುಳ ತಿನ್ನಬೇಕಂತಿಲ್ಲ, ತೊಗಲಿಗೆ ತಾಗಿದ್ರ ಸಾಕು. ಕೊಳತ ಕೊಟ್ಟಿಗಿ ಗೊಬ್ಬರದಾಗ ಕಲಸಿ, ನೆಲ ಹಸಿ ಇದ್ದಾಗ ಬುಡಕ್ಕ ಹಾಕ್ರಿ. ಒಣ ನೆಲಕ್ಕ ಹಾಕಿದ್ರ ದಂಡ. ರೋಗದ ಎಣ್ಣಿ (ಶಿಲೀಂಧ್ರನಾಶಕ) ಜೋಡಿ ಕೂಡಸಬ್ಯಾಡ್ರಿ, ಅದು ಈ ಬೂಷ್ಟನ್ನೂ ಕೊಲ್ಲತೈತಿ. ಕೀಟನಾಶಕದಂಗ ಮರುದಿನಾನ ಸಾಯಂಗಿಲ್ಲ, ಸಿಟ್ಟ ಮಾಡಕೋಬ್ಯಾಡ್ರಿ.

"ಮನಿಷ್ಯಾರಿಗೆ ಹತ್ತತೈತೇನೋ" ಅಂತ ಅವ್ವ ಅಂಜ್ಯಾಳಂತ. ಈ ಪುಡಿಯ ಬೂಷ್ಟು ಹುಳಕ್ಕ ಹತ್ತೂದು, ಮನಿಷ್ಯಾರಿಗೆ ಸಾಮಾನ್ಯವಾಗಿ ಹತ್ತಂಗಿಲ್ಲ ಅಂತ ಹೇಳ್ರಿ. ಪುಡಿ ಉಗ್ಗುವಾಗ ಮಾತ್ರ ಮೂಗಿಗೆ ಟವೆಲ್ ಕಟ್ಟಕೋರಿ.

ಸ್ವಲ್ಪ ದಿನ ಬಿಟ್ಟು ಒಂದು ಸಾಲಿನ ಬುಡ ಅಗದು ನೋಡ್ರಿ. ಬಿರುಸಾಗಿ, ಮ್ಯಾಲ ಹಸರ ಹತ್ತಿದ ಗೊಣ್ಣಿ ಸಿಕ್ರ ಫೋಟೋ ಕಳಸ್ರಿ.

ನಿಮ್ಮ ಮಗಳು