ಅಪ್ಪನಿಗೆ, ವೋಲ್ಟಾರನ ಹಾಳೆಗಳ ಬಗ್ಗೆ

ದಾವಾವ್, ಫಿಲಿಪ್ಪೀನ್ಸ್, ಭಾನುವಾರ ರಾತ್ರಿ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಪರೀಕ್ಷೆ ಚೆನ್ನಾಗೇ ಆಯ್ತು, ಆ ಚಿಂತೆ ಬಿಡಿ. ಅಮ್ಮನ ಮಂಡಿನೋವು ಹೇಗಿದೆ? ಫೋನಿನಲ್ಲಾದರೆ ನೀವು ಎರಡು ಸಲ "ಹ್ಞೂಂ" ಅಂದು ಅಮ್ಮನ ಕೈಗೆ ಕೊಟ್ಟುಬಿಡ್ತೀರಿ. ಅದಕ್ಕೇ ಕಾಗದ ಬರೀತಿದ್ದೀನಿ.

ನಮ್ಮ ಮನೆ ಮಾಲೀಕರ ತಂದೆಯನ್ನ ಎಲ್ಲರೂ ಲೋಲೋ ಅಂತಾರೆ, ಅಂದ್ರೆ ತಾತ. ನೆಗ್ರೋಸ್ ದ್ವೀಪದ ತಾಲಿಸಾಯ್ ಅವರ ಊರು, ಕಬ್ಬಿನ ಸೀಮೆ. ಮೊನ್ನೆ "ನಿಮ್ಮಪ್ಪನಿಗೇನು ಕೆಲಸ?" ಅಂದರು. ಅಂಗಡಿ ಬೋರ್ಡ್ ಬರೀತಿದ್ರು ಅಂದೆ. ತಟ್ಟನೆ ಎದ್ದು ಒಳಗೆ ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದ ನಾಲ್ಕು ಹಾಳೆ ತಂದರು. ಹಳೇ ಕಾಮಿಕ್ಸಿಂದ ಕತ್ತರಿಸಿದ್ದು. ಮುಟ್ಟಿದರೆ ಪುಡಿಯಾಗೋ ಹಾಗಿದ್ದ ಅಗ್ಗದ ಕಾಗದ.

ಕಥೆಯ ಹೆಸರು ವೋಲ್ಟಾರ್, 1963ರದ್ದು. ಕತ್ತಿ ಹಿಡಿದ ಬರ್ಬರ ಯೋಧನೊಬ್ಬನ ಕಥೆ. ಆದರೆ ಅಪ್ಪಾ, ನಾನು ಕಥೆ ಓದಲೇ ಇಲ್ಲ, ಗೆರೆ ನೋಡ್ತಾ ಕೂತೆ. ಬಳ್ಳಿಗಾವಿ ಕೇದಾರೇಶ್ವರ ಗುಡಿ ಅಂಗಳದ ವೀರಗಲ್ಲುಗಳ ಕೆಳಗಿನ ಸಾಲು ನೆನಪಿದೆಯಲ್ಲ? ಕುದುರೆ, ಬಿಲ್ಲು, ಬಿದ್ದವನ ಮೇಲೆ ಇನ್ನೊಬ್ಬ. ಹಾಗೇ ಕಿಕ್ಕಿರಿದಿದೆ ಯುದ್ಧ. ಮೋಡಕ್ಕೂ ಗೆರೆ, ಕುದುರೆಯ ಬೆವರಿಗೂ ಗೆರೆ. ಕಪ್ಪು ಬಳಿದದ್ದಲ್ಲ, ಕೂದಲೆಳೆಯಂಥ ಗೆರೆಗಳನ್ನ ಒತ್ತೊತ್ತಾಗಿ ಎಳೆದು ಕತ್ತಲೆ ಮಾಡಿದ್ದಾರೆ. ಭೂತಗನ್ನಡಿ ಹಿಡಿದರೂ ಒಂದು ಗೆರೆ ಇನ್ನೊಂದಕ್ಕೆ ಅಂಟಿಲ್ಲ.

ಬರೆದವರು ಆಲ್ಫ್ರೆಡೋ ಅಲ್ಕಾಲಾ. ಅದೇ ತಾಲಿಸಾಯ್‌ನಲ್ಲಿ 1925ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ಶಾಲೆ ಬಿಟ್ಟು ಬೋರ್ಡ್ ಬರೆಯೋಕೆ ಹೊರಟವರು! ಲೋಲೋ ಇದನ್ನ ಹೇಳಿ ನನ್ನ ಮುಖ ನೋಡಿದರು, ನನಗೆ ಗಂಟಲು ಕಟ್ಟಿತು. ಜಪಾನೀಯರು ಈ ದ್ವೀಪಗಳನ್ನ ಹಿಡಿದಿದ್ದಾಗ ಸೈಕಲ್ಲಿನಲ್ಲಿ ಅವರ ಠಾಣೆಗಳ ಮುಂದೆ ಹಾದುಹೋಗಿ, ಕಂಡದ್ದನ್ನೆಲ್ಲ ಮನೆಗೆ ಬಂದು ನೆನಪಿನಿಂದಲೇ ಬರೆದು ಅಮೆರಿಕನ್ನರಿಗೆ ತಲುಪಿಸುತ್ತಿದ್ದರಂತೆ. ನೀವೂ ಸಾಗರದಲ್ಲಿ ಒಮ್ಮೆ ಕಂಡ ಅಕ್ಷರದ ವರಸೆಯನ್ನ ಊರಿಗೆ ಬಂದು ಹಾಗೇ ಇಳಿಸಿದ್ದಿರಿ. ಅಂಗಡಿಯಲ್ಲಿ ಸಿಗೋ ಬ್ರಷ್ ಸಾಲದೆ, ಶಾಯಿ ತಾನೇ ಇಳಿದು ಬರೋ ಬ್ರಷ್ಷನ್ನ ಅವರೇ ಮಾಡಿಕೊಂಡಿದ್ದರು. ನೀವು ಬ್ಲೇಡಿನಲ್ಲಿ ಬ್ರಷ್ಷಿನ ಕೂದಲು ಸವರೋದು ಕಣ್ಣಿಗೆ ಬಂತು.

1948ರಲ್ಲಿ ಕಾಮಿಕ್ಸಿಗೆ ಬಂದವರು 1976ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿನ ಕಾಮಿಕ್ಸಿನ ಕೊನಾನ್ ಅನ್ನೋ ಬರ್ಬರ ವೀರನ ಚಿತ್ರಗಳಿಗೆ, ಜಾನ್ ಬುಸೆಮಾ ಪೆನ್ಸಿಲ್ಲಿನಲ್ಲಿ ಬರೆದದ್ದಕ್ಕೆ, ಇವರು ಶಾಯಿ ಹಾಕಿದರು. ಜಗತ್ತು ಕೊನಾನನನ್ನ ಬಲ್ಲದು. ಅದೇ ಕೈ ಅದಕ್ಕೂ ಮೊದಲೇ ತನ್ನದೇ ವೋಲ್ಟಾರನನ್ನ ಬರೆದಿತ್ತು ಅನ್ನೋದು ಎಷ್ಟು ಜನಕ್ಕೆ ಗೊತ್ತು? ನನಗೆ ಅದು ಸಂಕಟ. 2000ದಲ್ಲಿ ತೀರಿಕೊಂಡರು.

ಫ್ಲೆಕ್ಸ್ ಬಂದ ಮೇಲೆ ನೀವು ಬ್ರಷ್ ಡಬ್ಬಿ ಅಟ್ಟಕ್ಕೆ ಹಾಕಿದ ದಿನ ನಾನು ಏನೂ ಮಾತಾಡಲಿಲ್ಲ. ಆಗ ಏಳನೇ ಕ್ಲಾಸು. ಈಗ ಕೇಳ್ತೀನಿ, ಅದನ್ನ ಇಳಿಸಿ. ಲೋಲೋಗೆ ನಿಮ್ಮ ಕೈಬರಹ ನೋಡಬೇಕಂತೆ. ಡ್ರಾಯಿಂಗ್ ಶೀಟಿನ ಮೇಲೆ ಅವರ ಊರಿನ ಹೆಸರನ್ನ ಕನ್ನಡದಲ್ಲಿ ದೊಡ್ಡದಾಗಿ ಬರೆದು ಕಳಿಸಿ: ತಾಲಿಸಾಯ್. ಕೆಂಪು ಅಕ್ಷರ, ಎಡಕ್ಕೆ ಕಪ್ಪು ನೆರಳು. 'ಲಿ'ಯ ಗುಡಿಸು ಮಾತ್ರ ನೀವು ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಎಳೀತೀರಲ್ಲ, ಹಾಗೇ ಇರಲಿ.

ಇಂತಿ ನಿಮ್ಮ ಪ್ರೀತಿಯ ಮಗಳು